ಅತ್ತೆಯ ಹೆಸರಿನ ಮಗಳು

ಸುಮಂಗಲಾ ಹೆದರಿದ್ದಾಳೆ ಎಂದರೆ ಪೀಣ್ಯದ ಅವಳ ಕಾರ್ಖಾನೆಯಲ್ಲಿ ಯಾರೂ ನಂಬುವುದಿಲ್ಲ. ಸ್ಕ್ರೂ ತಯಾರಾಗುವ ಆ ಶೆಡ್ಡಿನಲ್ಲಿ ಒಳ್ಳೆಯದು ಕೆಟ್ಟದ್ದು ಬೇರೆ ಮಾಡುವ ಕೆಲಸ ಅವಳದು, ಹನ್ನೆರಡು ವರ್ಷದಿಂದ. ಸೂಪರ್‌ವೈಸರ್ ಒಂದು ಮಾತೆಂದರೆ ಎರಡು ತಿರುಗಿ ಕೊಡುವ ಹೆಂಗಸು. ಅಂಥವಳು ಆ ಗುರುವಾರ ಮಧ್ಯಾಹ್ನ, ಮಾಕಳಿ ಹತ್ತಿರದ ಒಂದು ಕಾಲೇಜಿನಲ್ಲಿ, ಆಫೀಸಿನ ಹೊರಗಿನ ಬೆಂಚಿನ ಮೇಲೆ ಸೆರಗಿನ ತುದಿ ಹಿಂಡುತ್ತ ಕೂತಿದ್ದಳು. ಒಳಗೆ ಹೋಗಿ ಒಂದೇ ಒಂದು ಹೆಸರು ಹೇಳಬೇಕಿತ್ತು. ಅದೇ ಅವಳಿಂದ ಆಗದ ಕೆಲಸ.

ಆ ಹೆಸರನ್ನು ನಾನೂ ಈಗಲೇ ಹೇಳುವುದಿಲ್ಲ, ಸ್ವಲ್ಪ ತಾಳಿ. ಸುಮಂಗಲಾ ಕೊಪ್ಪಳದ ಕಡೆಯವಳು, ಮೇದಾರರವಳು. ಬಿದಿರು ಸೀಳಿ ಬುಟ್ಟಿ ಮೊರ ಹೆಣೆಯುವ ಮನೆತನ. ಹೆಣ್ಣು ಕೂಸು ಹುಟ್ಟಿದಾಗ ಗಂಡ ಯಮನೂರ ತನ್ನ ತಾಯಿಯ ಹೆಸರನ್ನೇ ಇಟ್ಟ, ರೇಷನ್ ಕಾರ್ಡಿನಲ್ಲೂ ಅದನ್ನೇ ಬರೆಸಿದ. ಎಲ್ಲರಿಗೂ ಸಂತೋಷವೋ ಸಂತೋಷ. ಹಡೆದವಳ ಪಾಡೇನು ಎಂದು ಒಬ್ಬರಾದರೂ ಕೇಳಬೇಡವೇ? ಸೊಸೆಯಾದವಳು ಅತ್ತೆಯ ಹೆಸರು ಹಿಡಿಯುವಂತಿಲ್ಲ. ಹಿಡಿದರೆ ಅತ್ತೆಯ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಆ ಮನೆಯ ನಂಬಿಕೆ. ಹಾಗಾಗಿ ಊರೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ ಮಗಳು ತಾಯಿಗೆ ಮಾತ್ರ ‘ಅವ್ವಿ’ ಆಗಿಯೇ ಉಳಿದಳು.

ಒಂದನೇ ಕ್ಲಾಸಿಗೆ ಸೇರಿಸುವ ದಿನ ಯಮನೂರ ಬಿದಿರು ತರಲು ಹೋಗಿದ್ದ. ಹೆಡ್‌ಮಾಸ್ತರರು ಕೂಸಿನ ಹೆಸರು ಕೇಳಿದರೆ ಸುಮಂಗಲಾಗೆ ನಾಲಿಗೆ ಹೊರಳಲಿಲ್ಲ. ಸಾಲಿನಲ್ಲಿ ಮುಂದಿದ್ದ ಹುಡುಗಿ ಸವಿತಾ ಎಂಬುದು ಕಿವಿಗೆ ಬಿದ್ದಿತ್ತು. ಇದನ್ನೂ ಸವಿತಾ ಅಂತಲೇ ಬರೆದುಕೊಳ್ಳಿ ಎಂದುಬಿಟ್ಟಳು. ಶಾಲೆಗೊಂದು ಹೆಸರು, ಮನೆಗೊಂದು ಹೆಸರು, ಅದರಲ್ಲೇನು ಮಹಾ ಎಂದು ಅವಳ ಲೆಕ್ಕ. ಆ ತಪ್ಪು ಹದಿಮೂರು ವರ್ಷ ಯಾರ ತಂಟೆಗೂ ಹೋಗದೆ ಸುಮ್ಮನಿತ್ತು.

ಆಮೇಲೆ ಪ್ಲಾಸ್ಟಿಕ್ಕು ಬಂದು ಬುಟ್ಟಿ ಕೇಳುವವರಿಲ್ಲದೆ ಗಂಡ ಹೆಂಡತಿ ಬೆಂಗಳೂರಿಗೆ ಬಂದರು, ಚಿಕ್ಕಬಾಣಾವರದಲ್ಲಿ ಒಂದು ರೂಮು ಹಿಡಿದರು. ಮಗಳು ಅಜ್ಜಿಯ ಹತ್ತಿರವೇ ಉಳಿದಳು. ಬಿದಿರ ಸಿಬಿರು ಚುಚ್ಚಿದ ಬೆರಳುಗಳಲ್ಲೇ ಆ ಮುದುಕಿ ಮೊಮ್ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದಳು, ಪಿಯುಸಿ ದಾಟಿಸಿದಳು. ಆ ಮೇದಾರ ಓಣಿಯಿಂದ ಡಿಗ್ರಿಗೆ ಕಾಲಿಟ್ಟ ಮೊದಲ ಹುಡುಗಿ ಅವಳು. ಬೆಂಗಳೂರಿಗೆ ಅಪ್ಪ ಅವ್ವನ ರೂಮಿಗೆ ಬಂದು ಈ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದ್ದಳು. ಫೀಸು ಪರಿಶಿಷ್ಟ ಪಂಗಡದ ವಿದ್ಯಾರ್ಥಿವೇತನದಿಂದ ಬರುತ್ತದೆಂದು ಕಾಲೇಜಿನವರು ಇಷ್ಟು ದಿನ ಕಾದಿದ್ದರು. ಅದು ಮಂಜೂರಾಗದಿದ್ದರೆ ಸೀಟು ಬಿಡಬೇಕು ಎಂದೂ ಹೇಳಿದ್ದರು.

ವಿದ್ಯಾರ್ಥಿವೇತನಕ್ಕೆ ಜಾತಿ ಪ್ರಮಾಣಪತ್ರ ಬೇಕು. ಊರಿನಲ್ಲಿ ರೇಷನ್ ಕಾರ್ಡ್ ನೋಡಿ ಅಜ್ಜಿಯ ಹೆಸರಿನಲ್ಲೇ ಬರೆದುಕೊಟ್ಟರು. ಮಾರ್ಕ್ಸ್ ಕಾರ್ಡಿನಲ್ಲಿ ಸವಿತಾ. ಕಂಪ್ಯೂಟರಿಗೇನು ಗೊತ್ತು, ಇವರು ಇಬ್ಬರು ಹುಡುಗಿಯರು ಎಂದಿತು. ಹಿಂದಿನ ವರ್ಷ ಅದೇ ಕಾಲೇಜಿನಲ್ಲಿ ಯಾರೋ ಇನ್ನೊಬ್ಬರ ಪ್ರಮಾಣಪತ್ರ ತೋರಿಸಿ ಸಿಕ್ಕಿಬಿದ್ದಿದ್ದರಂತೆ. ಅದಕ್ಕೇ ಈ ಸಲ ನೋಟರಿ ಕಾಗದವೊಂದೇ ಸಾಲದು, ತಾಯಿಯೋ ತಂದೆಯೋ ವಿದ್ಯಾರ್ಥಿವೇತನದ ಅಧಿಕಾರಿಯ ಮುಂದೆ ಬರಬೇಕು ಎಂದಾಗಿತ್ತು.

ಕಾಲೇಜಿನ ಗುಮಾಸ್ತ ಶ್ಯಾಮಣ್ಣ ಒಳ್ಳೆಯ ಮನುಷ್ಯ. ಬೆಂಚಿನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಎರಡು ಹೆಸರೂ ನೀವೇ ಬಾಯಾರೆ ಹೇಳ್ಬೇಕಮ್ಮ. ಮಗಳು ಹೊರಗಿರ್ಬೇಕು. ಐದು ಗಂಟೆಗೆ ಲಿಸ್ಟ್ ಹೋಗುತ್ತೆ, ಆಮೇಲೆ ಆ ಬ್ರಹ್ಮ ಬಂದ್ರೂ ಆಗಲ್ಲ."

ಯಮನೂರ ಇದ್ದಿದ್ದರೆ ಒಂದೇ ಉಸಿರಿಗೆ ಹೇಳುತ್ತಿದ್ದ. ಆದರೆ ಅವನು ಊರಿಗೆ ಹೋಗಿ ಎರಡು ದಿನವಾಗಿತ್ತು. ತಾಯಿ ಹಾಸಿಗೆ ಹಿಡಿದಿದ್ದಳು, ಅನ್ನ ಬಿಟ್ಟಿದ್ದಳು. ಬೇರೆ ದಿನವಾದರೆ ಒಂದು ಮಾತು. ಆ ಮುದುಕಿಯ ಜೀವ ತೂಗಾಡುತ್ತಿರುವಾಗ ಅವಳ ಹೆಸರು ಹಿಡಿಯುವುದು ಹೇಗೆ? ಅತ್ತ ದರಿ, ಇತ್ತ ಪುಲಿ.

ಒಳಗೆ ಕರೆ ಬಂದಾಗ ಗೋಡೆ ಗಡಿಯಾರದಲ್ಲಿ ನಾಲ್ಕೂವರೆ ದಾಟಿತ್ತು. ಅಧಿಕಾರಿ ಕೆಟ್ಟವರೇನಲ್ಲ, ಮೋಸ ನೋಡಿ ನೋಡಿ ಯಾರನ್ನೂ ನಂಬದಂತಾಗಿದ್ದರು, ಅಷ್ಟೇ. ಪ್ರಮಾಣಪತ್ರವನ್ನು ಬೋರಲು ಹಾಕಿ ಕೇಳಲು ಶುರು ಮಾಡಿದರು. ಮಾರ್ಕ್ಸ್ ಕಾರ್ಡಿನ ಹೆಸರು ಕೇಳಿದರು, ಸವಿತಾ ಎಂದಳು. ಜಾತಿ ಪ್ರಮಾಣಪತ್ರದ ಹೆಸರು ಕೇಳಿದರು.

"ಅದು ನಮ್ಮ ಅತ್ತಿ ಹೆಸರರೀ," ಎಂದಳು. "ನಾ ಹೇಳಾಕ ಬರಂಗಿಲ್ರೀ."

ಗಂಡನಿಗೆ ಫೋನ್ ಹಚ್ಚುತ್ತೇನೆಂದಳು. ಫೋನಿನಲ್ಲಿ ಯಾರು ಬೇಕಾದರೂ ಮಾತಾಡಬಹುದು, ಬೇಡ ಎಂದರು. ಬರೆದು ತೋರಿಸಿ ಎಂದರು. ಅವಳಿಗೆ ಬರುತ್ತಿದ್ದದ್ದು ತನ್ನ ರುಜು ಒಂದೇ. ಊರ ಹೊರಗೆ ಬೇವಿನ ಮರದ ಕೆಳಗೆ ಕೂತ ದೇವಿಯ ಹೆಸರು, ಮೈಮೇಲೆ ಬೊಬ್ಬೆ ಎದ್ದರೆ ಹರಕೆ ಹೊರುತ್ತಾರಲ್ಲ ಆ ತಾಯಿಯ ಹೆಸರು ಎಂದು ಸುತ್ತಿ ಬಳಸಿ ಹೇಳಿದಳು. ಇದೇನು ಒಗಟು ಬಿಡಿಸುವ ಜಾಗವೇ ಎಂದು ಅವರು ಕನ್ನಡಕ ತೆಗೆದಿಟ್ಟರು.

"ಹೆತ್ತ ಮಗಳ ಹೆಸರು ಹೇಳೋಕಾಗ್ದೆ ಇರೋ ತಾಯೀನ ನಾನು ಎಲ್ಲೂ ನೋಡಿಲ್ಲಮ್ಮ. ಈ ಸರ್ಟಿಫಿಕೇಟು ಯಾರ ಮಗೂದು? ನಿಜ ಹೇಳಿ."

ಅಯ್ಯೋ, ಹಡೆದವಳನ್ನೇ ಕಳ್ಳಿ ಮಾಡಿಬಿಟ್ಟರಲ್ಲ! ಅಧಿಕಾರಿ ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಬಾಗಿಲ ಹತ್ತಿರ ಶ್ಯಾಮಣ್ಣ ಗಡಿಯಾರ ನೋಡುತ್ತ ನಿಂತಿದ್ದ. ಆ ಪೆನ್ನಿನಿಂದ ಒಂದು ಗೀಟು ಎಳೆದರೆ ಮಗಳ ಕಾಲೇಜು ಮುಗಿಯಿತು; ನಾಳೆಯಿಂದ ಅವಳೂ ಅದೇ ಶೆಡ್ಡಿಗೆ ಬಂದು ಪಕ್ಕದಲ್ಲಿ ಕೂತು ಸ್ಕ್ರೂ ಆರಿಸಬೇಕು. ಆ ಸುದ್ದಿ ಕೇಳಿದರೆ ಹಾಸಿಗೆಯಲ್ಲಿರುವ ಮುದುಕಿ ಉಳಿದಾಳೆಯೇ?

ತಪ್ಪಾಯಿತು ಅತ್ತೀ ಎಂದು ಮನಸ್ಸಿನಲ್ಲೇ ಕಾಲಿಗೆ ಬಿದ್ದಳು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಕೇಳಿಸಲಿಲ್ಲ ಎಂದರು ಅಧಿಕಾರಿ. ಅವಳು ಎದ್ದು ನಿಂತಳು, ಕಣ್ಣು ಮುಚ್ಚಿದಳು, ಹೊಲದ ಆಚೆ ಬದುವಿನಲ್ಲಿದ್ದವರನ್ನು ಕೂಗುವ ಹಾಗೆ ಕೂಗಿದಳು.

"ಮರೆವ್ವಾ!"

"ಓ, ಯವ್ವಾ," ಎಂದು ಹೊರಗಿನಿಂದ ದನಿ ಬಂತು. ಮರುಕ್ಷಣವೇ ಬಾಗಿಲು ದೂಡಿಕೊಂಡು ಹುಡುಗಿ ಒಳಗೆ ಬಂದಳು, ಏನಾಯಿತೋ ಎಂದು ಗಾಬರಿಯಾಗಿ. ಒಳಗೆ ಬರಬಾರದೆಂಬುದು ಅವಳಿಗೆ ಮರೆತೇ ಹೋಗಿತ್ತು.

ಅಧಿಕಾರಿ ಮಗಳನ್ನು ನೋಡಿದರು, ತಾಯಿಯನ್ನು ನೋಡಿದರು. ಬೋರಲು ಹಾಕಿದ್ದ ಕಾಗದ ತಿರುಗಿಸಿ ಮರೆವ್ವ ಎಂಬ ಹೆಸರಿನ ಮೇಲೆ ಬೆರಳಿಟ್ಟರು. ಕೆಂಪು ಪೆನ್ನು ಬದಿಗಿಟ್ಟು, ನೀಲಿ ಪೆನ್ನು ಹುಡುಕಿ ಸಹಿ ಹಾಕಿದರು. ಐದಕ್ಕೆ ಹತ್ತು ನಿಮಿಷವಿದ್ದಾಗ ಶ್ಯಾಮಣ್ಣ ಫೈಲು ಹಿಡಿದು ಕಂಪ್ಯೂಟರ್ ರೂಮಿಗೆ ಓಡಿದ.

ಹೊರಗೆ ಬಂದ ಮೇಲೆ ಹುಡುಗಿ ತಾಯಿಯ ರಟ್ಟೆ ಹಿಡಿದು ನಿಲ್ಲಿಸಿದಳು. ಅವಳ ಕಣ್ಣು ತುಂಬಿತ್ತು.

"ಹತ್ತೊಂಬತ್ತು ವರ್ಷದಾಗ ಒಮ್ಮೆನೂ ನನ್ನ ಹೆಸರು ಹಿಡದು ಕರದಿದ್ದಿಲ್ಲ ನೀ. ಇನ್ನೊಂದು ಸಲ ಕರಿ ಯವ್ವಾ."

ಸುಮಂಗಲಾ ಮಗಳ ಬಾಯಿಗೆ ಕೈ ಅಡ್ಡ ಇಟ್ಟಳು.

"ಸುಮ್ಕಿರು ಅವ್ವಿ. ಮೊದಲು ನಿಮ್ಮಪ್ಪಗ ಫೋನ್ ಹಚ್ಚು," ಎಂದಳು. "ನಿಮ್ಮಜ್ಜಿ ಉಸಿರಾಡಾಕತ್ಯಾಳೇನು, ಕೇಳು."