ಗೊರಕೆ ನಿಂತ ಮಧ್ಯಾಹ್ನ

2023ರಲ್ಲಿ ನಾನು ಜೆ.ಪಿ. ನಗರದ ಒಂದು ಹೋಂ ಕೇರ್ ಸಂಸ್ಥೆಯಲ್ಲಿ ನರ್ಸ್ ಆಗಿದ್ದೆ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಕೆಲವು ವರ್ಷ ಆಸ್ಪತ್ರೆಯ ಐಸಿಯುನಲ್ಲಿ ದುಡಿದ ಮೇಲೆ ಆ ಕೆಲಸಕ್ಕೆ ಸೇರಿದ್ದೆ. ಆಸ್ಪತ್ರೆಯಲ್ಲಿ ಸಿಗುವ ಆರೈಕೆಯಲ್ಲಿ ಎಷ್ಟನ್ನು ಮನೆಗೆ ಒಯ್ಯಬಹುದೋ ಅಷ್ಟನ್ನು ಒಯ್ಯುವುದು ನಮ್ಮ ಕೆಲಸ. ಐಸಿಯುನಲ್ಲಿ ಹಗಲು ಯಾವುದು ರಾತ್ರಿ ಯಾವುದು ಎಂದು ತಿಳಿಯದೆ, ನಳಿಕೆ ಕಿತ್ತುಕೊಳ್ಳುತ್ತಾರೆಂದು ಕೈ ಕಟ್ಟಿಸಿಕೊಂಡು ಮಲಗಿದ್ದ ಅಜ್ಜಿಯರನ್ನು ಕಂಡಿದ್ದೆ. ಅಂಥವರೇ ತಮ್ಮ ಮಂಚಕ್ಕೆ ಮರಳಿದ ಮೇಲೆ ಮೊಮ್ಮಕ್ಕಳನ್ನು ಹೆಸರು ಹಿಡಿದು ಕೂಗಿದ್ದನ್ನೂ ಕಂಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ, ಮನೆಯಲ್ಲಿ ನೋಡಿಕೊಳ್ಳುವುದೇ ತಪ್ಪು ಎಂದು ಯಾರೂ ತಿಳಿಯಬಾರದು.

ಆ ಬೇಸಿಗೆಯಲ್ಲಿ ನನಗೆ ವಹಿಸಿದವರಲ್ಲಿ ಉತ್ತರಹಳ್ಳಿಯ ಮುನಿಯಮ್ಮ ಒಬ್ಬರು. ವಯಸ್ಸು ಎಪ್ಪತ್ತು ದಾಟಿತ್ತು. ಹೊಲವಿದ್ದ ಜಾಗದಲ್ಲೀಗ ಅವರದೇ ಮೂರಂತಸ್ತಿನ ಕಟ್ಟಡ. ಕೆಳಗೆ ಮನೆಯವರು, ಮೇಲೆ ಬಾಡಿಗೆಯವರು. ವಯಸ್ಸಿನಲ್ಲಿದ್ದಾಗೆಲ್ಲ ಸೌದೆ ಒಲೆಯ ಮುಂದೆ ಕೂತು ಹೊಗೆ ಕುಡಿದ ಎದೆಗೆ ಸಿಒಪಿಡಿ ಬಂದಿತ್ತು. ಶ್ವಾಸನಾಳಗಳು ಕಿರಿದಾಗಿ, ಎಳೆದುಕೊಂಡ ಉಸಿರು ಪೂರ್ತಿ ಹೊರಗೆ ಬಾರದ ಕಾಯಿಲೆ ಅದು. ಎರಡು ಸಲ ಆಸ್ಪತ್ರೆ ಸೇರಿ ಬಂದಿದ್ದರು. ಎರಡನೆಯ ಸಲ ಮನೆಗೆ ಬಂದ ದಿನ ಮಗ ಕೃಷ್ಣಪ್ಪನ ಕೈ ಹಿಡಿದು ಹೇಳಿದರು:

"ಇನ್ನೊಂದ್ಸಲ ಅಲ್ಲಿಗೆ ಕರ್ಕೊಂಡೋಗ್ಬೇಡ ಕಣಪ್ಪ. ಅಲ್ಲಿ ಸತ್ರೆ ಗಾಜಿನ ಆಚೆ ನಿಂತ್ಕೊಂಡು ನೋಡ್ತೀರ. ಇಲ್ಲಾದ್ರೆ ಬಾಯಿಗೆ ಒಂದ್ ತೊಟ್ಟು ನೀರಾದ್ರೂ ಬಿಡ್ತೀರ."

"ಇಲ್ಲ ಕಣಮ್ಮ, ಇನ್ನು ಎಲ್ಲೂ ಇಲ್ಲ. ಮನೇಲೇ," ಎಂದು ಕೃಷ್ಣಪ್ಪ ಮಾತು ಕೊಟ್ಟರು. ವೈದ್ಯರೂ ಒಪ್ಪಿದರು. ಮನೆಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಬಂತು. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದರಲ್ಲಿರುವ ಆಮ್ಲಜನಕವನ್ನು ಬೇರ್ಪಡಿಸಿ, ಮೂಗಿಗೆ ಸಿಕ್ಕಿಸುವ ಸಣ್ಣ ನಳಿಕೆಯ ಮೂಲಕ ಕೊಡುವ ಯಂತ್ರ ಅದು. ಹಗಲೂ ರಾತ್ರಿಯೂ ಗುರ್ ಎನ್ನುತ್ತಿರುತ್ತದೆ. ಕರೆಂಟ್ ಹೋದರೆ ಇರಲಿ ಎಂದು ಪಕ್ಕದಲ್ಲೊಂದು ಸಿಲಿಂಡರ್.

ಮೊದಲ ದಿನ ಮುನಿಯಮ್ಮ ಯಂತ್ರವನ್ನು ಮೇಲಿಂದ ಕೆಳಗೆ ನೋಡಿದರು. "ಬಾಡಿಗೆ ಕೊಡಾಕಿಲ್ಲ, ಕರೆಂಟ್ ಬೇರೆ ಕುಡೀತಾನೆ. ಒಳ್ಳೆ ಬಾಡಿಗೆಯವನ್ನ ತಂದಿಟ್ಟೆ ಕಣವ್ವ." ಮರುದಿನ, ರಾತ್ರಿ ನಿದ್ದೆ ಬಂತೇ ಎಂದು ಕೇಳಿದೆ. "ಬಂತು ಕಣವ್ವ. ನಮ್ಮ ಯಜಮಾನ್ರ ಗೊರಕೆ ಇದ್ದಂಗೇ ಅದೆ. ಅವರದ್ದೂ ಹಿಂಗೇ. ನಿಂತ್ರೇನೇ ನಂಗೆ ಎಚ್ಚರ ಆಗ್ತಿತ್ತು."

ಆಮ್ಲಜನಕ ಇರುವಲ್ಲಿ ಬೆಂಕಿ ಇರಬಾರದು. ಅದನ್ನು ಮನೆಯವರೆಲ್ಲರನ್ನೂ ಕೂರಿಸಿ ಹೇಳಿದೆ. ನಮ್ಮ ಸಂಸ್ಥೆಯವರು ಕೊಡುವ ‘ಇಲ್ಲಿ ಧೂಮಪಾನ ಮಾಡಬೇಡಿ’ ಎಂಬ ಸ್ಟಿಕ್ಕರನ್ನು ಬಾಗಿಲಿಗೆ ಅಂಟಿಸಿದೆ. ಕೃಷ್ಣಪ್ಪ ಅದನ್ನು ಓದಿ ಹೇಳಿದಾಗ ಮುನಿಯಮ್ಮ ಗೋಡೆಯತ್ತ ಕೈ ತೋರಿಸಿದರು. "ಈ ಮನೇಲಿ ಬೀಡಿ ಸೇದ್ತಿದ್ದೋರು ಒಬ್ಬರೇ. ಅವರಾಗ್ಲೇ ಫೋಟೋ ಆಗವ್ರೆ."

ಸೊಸೆ ಪದ್ಮ ಮಾತ್ರ ನಗಲಿಲ್ಲ. ಅವಳು ಪ್ರತಿಯೊಂದನ್ನೂ ಕೇಳಿ ಕಲಿಯುವವಳು. ಅತ್ತೆಯ ಕೋಣೆಯ ಮೂಲೆಯಲ್ಲಿದ್ದ ದೇವರ ಪಟಗಳನ್ನು ಅಂದೇ ನಡುಮನೆಗೆ ಸಾಗಿಸಿದಳು. ಊದುಬತ್ತಿ ಹೊರಗೆ ಹೋಯಿತು, ಸೊಳ್ಳೆಬತ್ತಿ ನಿಂತಿತು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವುದು, ಬೆನ್ನು ತಟ್ಟಿ ಕಫ ಸಡಿಲಿಸುವುದು, ಮಗ್ಗುಲು ಬದಲಿಸುವುದು ಎಲ್ಲವನ್ನೂ ಐಸಿಯುನ ಎಷ್ಟೋ ನರ್ಸ್‌ಗಳಿಗಿಂತ ಮೆತ್ತಗೆ ಮಾಡುತ್ತಿದ್ದಳು. ಮುನಿಯಮ್ಮ ಚೇತರಿಸಿಕೊಂಡರು. ಗಂಜಿ ಹೋಗಿ ಮುದ್ದೆ ಬಂತು. ಮಂಚದಿಂದಿಳಿದು ಬಾಗಿಲವರೆಗೆ ನಡೆದು, ಬೀದಿಯ ತರಕಾರಿ ಗಾಡಿಯವನ ಜೊತೆ ಜಗಳವಾಡುವಷ್ಟು ದನಿಯೂ ಬಂತು.

ಅವರು ಹಾಗೆ ಚೇತರಿಸಿಕೊಂಡದ್ದೇ ಮುಂದಿನದಕ್ಕೆ ದಾರಿಯಾಯಿತು.

ಅದೊಂದು ಭಾನುವಾರದ ಮಧ್ಯಾಹ್ನ. ತಲಘಟ್ಟಪುರದಿಂದ ಮುನಿಯಮ್ಮನ ತಂಗಿ ವೆಂಕಟಮ್ಮ ಬಂದಿದ್ದರು, ಜೊತೆಗೆ ನೆಂಟರ ಹೆಂಗಸರು ಕೆಲವರು. ಆಸ್ಪತ್ರೆಯಲ್ಲಾದರೆ ಇಷ್ಟು ಜನರನ್ನು ಒಳಗೆ ಬಿಡುವುದಿಲ್ಲ. ಮನೆಯಲ್ಲಿ ಬೇಡವೆನ್ನಲು ಯಾರಿಗೆ ಮನಸ್ಸು ಬರುತ್ತದೆ? ಪದ್ಮ ಅತ್ತೆಗೆ ತಲೆ ಬಾಚಿ ಕನಕಾಂಬರ ಮುಡಿಸಿ, ದಿಂಬಿಗೆ ಒರಗಿಸಿ ಕೂರಿಸಿದ್ದಳು. ಬಂದವರಲ್ಲೊಬ್ಬರು ಬಾಗಿಲಲ್ಲೇ ನಿಂತು ಗಲ್ಲದ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ, ಇವತ್ತೋ ನಾಳೆಯೋ ಅಂತ ಓಡಿ ಬಂದ್ರೆ ಮದುವೆ ಹೆಣ್ಣಂಗೆ ಕೂತವ್ಳೆ ನೋಡ್ರೆ!"

"ಗಂಡು ನೋಡು ಮತ್ತೆ," ಎಂದರು ಮುನಿಯಮ್ಮ. "ಈ ಗೊರಕೆ ಮಿಷನ್ನೂ ಸೇರಿಸಿ ಕೊಡ್ತೀನಿ."

ಎಲ್ಲರೂ ನಕ್ಕರು. ಅವರೂ ನಕ್ಕರು. ನಕ್ಕು ನಕ್ಕು ಕೆಮ್ಮು ಹತ್ತಿ ಉಸಿರು ಮೇಲಕ್ಕೆ ಹೋಯಿತು. ನಾನು ನೆಬ್ಯುಲೈಸರ್ ಹಾಕಿದೆ, ಅಂದರೆ ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿನೊಡನೆ ಕೊಟ್ಟೆ. ಆಮ್ಲಜನಕವನ್ನೂ ಸ್ವಲ್ಪ ಏರಿಸಿದೆ. ನೆಂಟರು ಎದ್ದು ಹೋದರು, ಉಸಿರು ಹದಕ್ಕೆ ಬಂತು. ಮುನಿಯಮ್ಮ ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡು ಕಣ್ಣು ಮುಚ್ಚಿದರು. ವೆಂಕಟಮ್ಮ, ಪದ್ಮ ಅಲ್ಲೇ ಇದ್ದರು. ನಾನು ನೆಬ್ಯುಲೈಸರ್ ಮಾಸ್ಕ್ ತೊಳೆಯಲು ಹಿತ್ತಲ ನಲ್ಲಿಗೆ ಹೋದೆ.

ನಾನಿಲ್ಲದಾಗ ಆಡಿದ ಮಾತುಗಳನ್ನು ಆಮೇಲೆ ಇಬ್ಬರೂ ಹೇಳಿದರು. ವೆಂಕಟಮ್ಮ, "ನೋಡ್ದೇನೆ, ಹೆಂಗೆ ಕಣ್ಣು ತಾಕ್ತು! ಅವಳ ಬಾಯಿ ಒಳ್ಳೇದಲ್ಲ. ಕರ್ಪೂರ ತಾ, ದೃಷ್ಟಿ ತೆಗೆದ್ಬಿಡಾನ," ಎಂದರು. ಕಣ್ಣು ಬಿದ್ದವರ ಮುಖದ ಸುತ್ತ ಉರಿಯುವ ಕರ್ಪೂರ ನಿವಾಳಿಸಿ ಹೊರಗೆ ಹಾಕುವುದು ಆ ಮನೆಯಲ್ಲಿ ಮಕ್ಕಳಿಗೂ ಬಾಣಂತಿಯರಿಗೂ ಮಾಡಿಕೊಂಡು ಬಂದದ್ದು. ಪದ್ಮ ತಡೆದಳು. "ಬೇಡ ಚಿಕ್ಕತ್ತೆ, ಬೆಂಕಿ ತರಬಾರ್ದು ಅಂದವ್ರೆ ಸಿಸ್ಟರ್." ಆಗ ಮುನಿಯಮ್ಮ ಕಣ್ಣು ಮುಚ್ಚಿಕೊಂಡೇ, "ಒಂದ್ ಗಳಿಗೆ ಅವನ ಗೊರಕೆ ನಿಲ್ಸೇ, ತೆಗೀಲಿ. ಅವಳಿಗೂ ಸಮಾಧಾನ," ಎಂದರು. ಪದ್ಮ ಯೋಚಿಸಿದಳು. ಆಮ್ಲಜನಕ ಬರುತ್ತಿದ್ದರೆ ತಾನೇ ಅಪಾಯ? ಯಂತ್ರವನ್ನು ಆರಿಸಿದಳು. ಮೂಗಿನ ನಳಿಕೆಯನ್ನು ಬಿಡಿಸಿ ಎದೆಯ ಮೇಲಿಟ್ಟಳು. ಆರಿಸಿದೆನೇ ಎಂದು ಸ್ವಿಚ್ಚನ್ನು ಮತ್ತೊಮ್ಮೆ ನೋಡಿದಳಂತೆ.

ನಲ್ಲಿ ನಿಲ್ಲಿಸಿದಾಗ ನನಗೆ ಮೊದಲು ಕೇಳಿದ್ದು ನಿಶ್ಶಬ್ದ. ಗುರ್ ಎನ್ನುವ ಸದ್ದಿಲ್ಲ. ಕರೆಂಟ್ ಹೋಯಿತು, ಸಿಲಿಂಡರಿಗೆ ಬದಲಿಸಬೇಕು ಎಂದುಕೊಂಡು ಕೈ ಒರೆಸಿಕೊಳ್ಳುತ್ತಾ ನಡುಮನೆಗೆ ಬಂದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಅದನ್ನು ನೋಡಿದೆ. ಅದರ ಅರ್ಥ ಹೊಳೆಯುವುದೂ ಕರ್ಪೂರದ ವಾಸನೆ ಬರುವುದೂ ಒಟ್ಟಿಗೇ ಆಯಿತು. ಓಡಿದೆ. ವೆಂಕಟಮ್ಮನ ಕೈಯಲ್ಲಿ ವೀಳ್ಯದೆಲೆ, ಅದರ ಮೇಲೆ ಪುಟ್ಟ ಜ್ವಾಲೆ, ಅದು ಅಕ್ಕನ ಗಲ್ಲದ ಬಳಿ ಸುತ್ತು ತಿರುಗುತ್ತಿತ್ತು. ನನ್ನ ಬಾಯಿಂದ "ಬೇಡ" ಹೊರಟಿತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಸೆರಗು ಭಗ್ಗೆಂದಿತು.

ಆಮ್ಲಜನಕ ತಾನಾಗಿ ಉರಿಯುವುದಿಲ್ಲ. ಉರಿಯುವ ವಸ್ತುವಿಗೆ ಹುಚ್ಚು ಹಿಡಿಸುತ್ತದೆ. ಅದು ಸೆರಗಿನ ಮಡಿಕೆ, ದಿಂಬು, ಕೂದಲಿನಲ್ಲಿ ಸೇರಿಕೊಂಡಿರುತ್ತದೆ. ಸ್ವಿಚ್ ಆರಿಸಿದ ಕೂಡಲೇ ಹೋಗುವುದಿಲ್ಲ, ಗಾಳಿಯಾಡಿ ಚದುರಲು ಹೊತ್ತು ಬೇಕು.

ಪದ್ಮ ಬರಿಗೈಯಲ್ಲೇ ಬೆಂಕಿಯನ್ನು ತಟ್ಟುತ್ತಿದ್ದಳು. ನಾನು ಸೆರಗನ್ನು ಎಳೆದು ಕಿತ್ತೆ, ಕರಗುತ್ತಿದ್ದ ನಳಿಕೆಯನ್ನು ನೆಲಕ್ಕೆ ಎಸೆದು ಮೂಲೆಯಲ್ಲಿದ್ದ ಕೊಡದ ನೀರನ್ನೆಲ್ಲ ಮಂಚಕ್ಕೆ ಸುರಿದೆ. ಬೆಂಕಿ ಆರಿತು. ಎಲ್ಲವೂ ಎಷ್ಟು ಬೇಗ ಮುಗಿಯಿತೆಂದರೆ, ವೆಂಕಟಮ್ಮನ ಕೈಯಲ್ಲಿ ವೀಳ್ಯದೆಲೆ ಹಾಗೇ ಇತ್ತು.

ಆ್ಯಂಬುಲೆನ್ಸ್ ಬನಶಂಕರಿಯ ಆಸ್ಪತ್ರೆಯ ಕಡೆ ಹೊರಟಿತು. ಮುನಿಯಮ್ಮನ ತುಟಿ, ಮೂಗು, ಗಲ್ಲ ಸುಟ್ಟಿದ್ದವು. ಹುಬ್ಬಿರಲಿಲ್ಲ. ಪ್ರಜ್ಞೆ ಪೂರ್ತಿ ಇತ್ತು. ನನ್ನ ಮಣಿಕಟ್ಟು ಹಿಡಿದು, "ಪದ್ಮನ್ನ ಯಾರೂ ಏನೂ ಅನ್ಬಾರ್ದು. ನಾನೇ ನಿಲ್ಸು ಅಂದಿದ್ದು. ಹೇಳು ಎಲ್ಲರಿಗೂ," ಎಂದರು. ಆ ಮಾತಿಗಿಂತ ಆ ದನಿ ನನ್ನನ್ನು ಹೆದರಿಸಿತು. ತರಕಾರಿಯವನನ್ನು ಬೈಯುತ್ತಿದ್ದ ದನಿ ಒಡೆದು ಗೊಗ್ಗರಾಗಿತ್ತು. ಬಿಸಿ ಒಳಗೂ ಇಳಿದಿದೆ, ಗಂಟಲು ಊದುತ್ತಿದೆ ಎಂಬುದಕ್ಕೆ ಅದೇ ಗುರುತು. ನಾನು "ಹೇಳ್ತೀನಿ ಅಮ್ಮ" ಎಂದೆ. ಅವರು ಆಡಿದ ಕೊನೆಯ ಮಾತು ಅದೇ ಆಯಿತು. ಆಸ್ಪತ್ರೆಯಲ್ಲಿ ತಡಮಾಡದೆ, ಗಂಟಲು ಮುಚ್ಚುವ ಮೊದಲೇ ಕೊಳವೆ ಇಳಿಸಿ ವೆಂಟಿಲೇಟರಿಗೆ ಹಾಕಿದರು. ಸರಿಯಾದದ್ದನ್ನೇ ಮಾಡಿದರು.

ಆ ವಾರ ಕೃಷ್ಣಪ್ಪ ಐಸಿಯುನ ಗಾಜಿನ ಆಚೆ ನಿಂತಿದ್ದರು. "ಮಾತು ಕೊಟ್ಟಿದ್ದೆ ಸಿಸ್ಟರ್," ಎನ್ನುವರು. ಕೊನೆಯ ದಿನ ಅವರನ್ನು ಒಳಗೆ ಬಿಟ್ಟರು. ಮನೆಯಿಂದ ಚಿಕ್ಕ ಚೊಂಬಿನಲ್ಲಿ ನೀರು ತಂದಿದ್ದರು. ಬಾಯಲ್ಲಿ ಕೊಳವೆಯಿತ್ತು, ಸುತ್ತ ಪಟ್ಟಿ. ನೀರು ಬಿಡಲು ಎಡೆಯಿರಲಿಲ್ಲ. ಚೊಂಬು ಹಿಡಿದುಕೊಂಡೇ ಹೊರಗೆ ಬಂದರು.

ತಿಥಿಗೆ ನಾನು ಹೋದೆ. ನಡುಮನೆ ತುಂಬ ಜನ. ಪದ್ಮ ಗೋಡೆಗೆ ಒರಗಿ ಕೂತಿದ್ದಳು, ಎರಡೂ ಅಂಗೈಗೆ ಬ್ಯಾಂಡೇಜು. ಯಾರೋ ಒಬ್ಬಾಕೆ ಅವಳಿಗೆ ಕೇಳಿಸುವಂತೆಯೇ, "ಮಿಷನ್ ಆಫ್ ಮಾಡಿದ್ದು ಸೊಸೆಯಂತೆ," ಎಂದಳು. ಮುನಿಯಮ್ಮ ಹೇಳಿದ್ದನ್ನು ಅವರದೇ ಮಾತಿನಲ್ಲಿ ಎಲ್ಲರೆದುರು ಹೇಳಿದೆ. ಮೂಲೆಯಿಂದ ವೆಂಕಟಮ್ಮ, "ಹಚ್ಚಿದ್ದು ನನ್ನ ಕೈ. ಅವಳನ್ಯಾಕೆ ಅಂತೀರ? ನನ್ನನ್ನ ಅನ್ರಿ," ಎಂದು ಎದ್ದು ಹಿತ್ತಲಿಗೆ ಹೋದರು.

ನಾನು ಹೊರಡುವಾಗ ಪದ್ಮ ಬಾಗಿಲವರೆಗೆ ಬಂದಳು. ಸ್ಟಿಕ್ಕರ್ ಇನ್ನೂ ಅಲ್ಲೇ ಇತ್ತು.

"ಆಫ್ ಮಾಡಿದ್ನಲ್ಲ ಸಿಸ್ಟರ್?"

ಸೆರಗಿನ ಮಡಿಕೆ, ಚದುರದ ಆಮ್ಲಜನಕ, ಎಲ್ಲವನ್ನೂ ಆಗಲೇ ವಿವರಿಸಿದ್ದೆ. ಅವಳು ಕೇಳುತ್ತಿದ್ದುದು ಅದನ್ನಲ್ಲ.

"ಮಾಡಿದ್ರಿ ಪದ್ಮ," ಎಂದೆ.

ನಾನು ಈಗಲೂ ಇದೇ ಕೆಲಸದಲ್ಲಿದ್ದೇನೆ. ಹೊಸ ಮನೆಯಲ್ಲಿ ಯಂತ್ರದ ಪ್ಲಗ್ ಹಾಕುವ ಮೊದಲು ಅಡುಗೆಮನೆಗೆ ಹೋಗಿ ಕೂರುತ್ತೇನೆ. ಬೆಂಕಿ ಬೇಡ ಎಂದು ಹೇಳುವ ಮುನ್ನ, ಈ ಮನೆಯಲ್ಲಿ ಯಾವಾಗ ಯಾವಾಗ ಬೆಂಕಿ ಹಚ್ಚುತ್ತೀರಿ ಎಂದು ಕೇಳುತ್ತೇನೆ. ಮೊದಲು ಗ್ಯಾಸ್ ಒಲೆ ಎನ್ನುತ್ತಾರೆ. ನಾನು ಏಳುವುದಿಲ್ಲ. ಆಮೇಲೆ ದೀಪ ಬರುತ್ತದೆ, ಮಂಗಳಾರತಿ, ಮಗುವಿನ ತಲೆಗೆ ಹಿಡಿಯುವ ಸಾಂಬ್ರಾಣಿ, ಅಜ್ಜನ ಹುಟ್ಟುಹಬ್ಬದ ಕೇಕಿನ ಮೇಲಿನ ಮೇಣದ ಬತ್ತಿ. ಎಷ್ಟೋ ಹೊತ್ತಿನ ಮೇಲೆ, ಸ್ವಲ್ಪ ನಾಚಿಕೊಂಡು, ದೃಷ್ಟಿಯ ಮಾತು ಬರುತ್ತದೆ. ಪ್ರೀತಿಯಿಂದ ಹಚ್ಚುವ ಬೆಂಕಿಯನ್ನು ಯಾರೂ ಬೆಂಕಿಯೆಂದು ಎಣಿಸುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇದು. ಬೇಡವೆಂದರೆ ಸಾಲದೆಂದೂ ಕಲಿತಿದ್ದೇನೆ. ಉಪ್ಪು ಮೆಣಸಿನಕಾಯಿಯನ್ನು ಬೆಂಕಿ ಹಚ್ಚದೆ ಹಾಗೇ ನಿವಾಳಿಸಿ ದೂರ ಒಯ್ದು ಬೀದಿಯಲ್ಲಿ ಸುಡಿ ಎನ್ನುತ್ತೇನೆ. ಕೇಳುತ್ತಾರೆ.

ಯಂತ್ರದ ಸದ್ದು ನಿಂತರೆ ಮಾತ್ರ, ಯಾವ ಮನೆಯಲ್ಲಿದ್ದರೂ, ನನ್ನ ಕಣ್ಣು ಮೊದಲು ಫ್ಯಾನಿನತ್ತ ಹೋಗುತ್ತದೆ. ಅದೂ ನಿಂತಿದ್ದರೆ ಕರೆಂಟ್ ಹೋಗಿದೆ ಅಷ್ಟೆ ಎಂದು ಉಸಿರು ಬಿಟ್ಟು ಸಿಲಿಂಡರಿನ ವಾಲ್ವ್ ತಿರುಗಿಸುತ್ತೇನೆ.