ಜಗಲಿಯ ಮೇಲೆ ಉಂಡ ಇಲೋನಾ ನೇನಿ

ಅಸಹ್ಯಪಡುವುದರಲ್ಲಿ ಇಲೋನಾ ನೇನಿಯಷ್ಟು ಪ್ರಾಮಾಣಿಕರನ್ನು ನಾನು ಕಂಡಿಲ್ಲ. ಆರಿದ ಕಾಫಿಗೆ "ಫೂಯ್!", ಟೀವಿಯಲ್ಲಿ ಭಾಷಣ ಬಿಗಿಯುವ ಮಂತ್ರಿಗೆ "ಫೂಯ್!", ಟ್ರಾಮಿನ ಸೀಟಿನ ಮೇಲೆ ಕಾಲಿಟ್ಟವನ ಹತ್ತಿರ ಹೋಗಿ, ಬಗ್ಗಿ, ಅವನ ಕಿವಿಯಲ್ಲೇ "ಫೂಯ್!" ನಾವು ಥೂ ಅನ್ನುವ ಕಡೆ ಹಂಗೇರಿಯವರು ಅನ್ನುವ ಮಾತು ಅದು.

ನೇನಿ ಎಂದರೆ ಅವರಲ್ಲಿ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯ ಹಿರಿಯಾಕೆ, ಎಲ್ಲಾ. ಇವರು ಸೆಗೆಡ್ ಎಂಬ ಊರಿನಲ್ಲಿ ಹಳದಿ ಟ್ರಾಮು ಓಡಿಸಿ ನಿವೃತ್ತರಾದವರು. ಬೀಜಗಳ ವಿಷಯ ಓದಲು ಅಲ್ಲಿಗೆ ಹೋದ ನಾನು ಎರಡು ವರ್ಷ ಅವರ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಊರಿನ ನಡುವೆ ತಿಸಾ ಹೊಳೆ. ಹಿಂದೊಮ್ಮೆ ಅದು ಊರನ್ನೇ ನುಂಗಿತ್ತಂತೆ. ನೀರು ಎಲ್ಲಿಯವರೆಗೆ ಏರಿತ್ತೆಂದು ಗೋಡೆಯ ಮೇಲೆ ಗುರುತು ಮಾಡಿಟ್ಟಿದ್ದಾರೆ. ಅಲ್ಲಿಯ ಜನ ತುಟಿ ಗುಂಡಗೆ ಮಾಡಿ ಮಾತಾಡುತ್ತಾರೆ, ರಾಜಧಾನಿಯವರು ಅದಕ್ಕೆ ನಗುತ್ತಾರೆ. ನನ್ನ ಅಜ್ಜಂಪುರದ ಮಾತಿಗೆ ಮೈಸೂರಿನ ಹಾಸ್ಟೆಲಿನಲ್ಲಿ ನಕ್ಕವರಿದ್ದರು. ಹಾಗಾಗಿ ನೇನಿಯ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ.

ಕೆಂಪು ಮೆಣಸಿನ ಪುಡಿ ಹಾಕಿದ ಮೀನಿನ ಸಾರೆಂದರೆ ಸೆಗೆಡ್‌ನವರಿಗೆ ಪ್ರಾಣ. ಡ್ಯಾನ್ಯೂಬ್ ದಡದ ಇನ್ನೊಂದು ಊರಿನವರು ಆ ಸಾರಿಗೆ ಶ್ಯಾವಿಗೆ ಹಾಕುತ್ತಾರೆಂದು ಹೇಳುವಾಗ ನೇನಿಯ ಮುಖ ನಿಜಕ್ಕೂ ಕಿವಿಚಿಕೊಳ್ಳುತ್ತಿತ್ತು. ನಾನು ಮೀನು ಮಾಂಸ ಮುಟ್ಟುವವಳಲ್ಲ ಎಂದು ತಿಳಿದ ದಿನವೇ ಅವರು ಹೊಸ ಪಾತ್ರೆ, ಹೊಸ ಸೌಟು ತಂದು ಎರಡಕ್ಕೂ ಕೆಂಪು ದಾರ ಕಟ್ಟಿದರು. ಒಂದು ಭಾನುವಾರ ಊಟಕ್ಕೆ ಬಂದಿದ್ದ ಅಳಿಯ, ಹಂದಿ ಮಾಂಸ ಚುಚ್ಚಿದ ಫೋರ್ಕನ್ನೇ ನನ್ನ ಪಾತ್ರೆಗೆ ಅದ್ದಲು ಹೋದ. "ಲೇ, ಅದು ಆ ಹುಡ್ಗಿ ಪಾತ್ರೆ ಕಣೋ! ಫೂಯ್, ತೆಗಿ ಕೈ!" ಎಂದು ಅವನ ಕೈಗೆ ಸೌಟಿನಲ್ಲೇ ಬಾರಿಸಿದರು. ಅವನು ಮುನಿಸಿಕೊಂಡು ಎದ್ದು ಹೋದ. ನೇನಿ ತಲೆ ಕೆಡಿಸಿಕೊಳ್ಳಲಿಲ್ಲ.

ನಾನು ವಾಪಸು ಬಂದ ಮರುವರ್ಷ, ಅವರೆಕಾಯಿ ಕಾಲದಲ್ಲಿ, ಅವರು ನನ್ನನ್ನು ನೋಡಲು ಅಜ್ಜಂಪುರಕ್ಕೆ ಬಂದರು. ನಮ್ಮದು ಮಠಕ್ಕೆ ನಡೆದುಕೊಳ್ಳುವ ವ್ಯಾಪಾರಸ್ಥರ ಮನೆ. ನನ್ನನ್ನು ಸಾಕಿದ ದೊಡ್ಡಮ್ಮನದೇ ಅಲ್ಲಿ ನಡೆಯುವುದು. ನೇನಿ ಕೈಕಾಲು ತೊಳೆಯಲು ಹೋದಾಗ ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡರು.

"ಹಂದಿ ತಿನ್ನೋ ಬಾಯಿ ಕಣೇ. ದೇವ್ರ ಪೂಜೆ ಆಗೋ ಮನೆ. ಜಗ್ಲೀಲೇ ಬಡುಸ್ತೀನಿ, ಅತಿಥಿಗೆ ಹಂಗೆ ಬಡ್ಸೋದೇ ನಮ್ಮಲ್ಲಿ ಮರ್ಯಾದೆ ಅಂತ ಹೇಳು."

ಹೇಳಿದೆ. ಅವರದೇ ಭಾಷೆಯಲ್ಲಿ, ಒಂದು ಕಡೆಯೂ ತಡವರಿಸದೆ ಹೇಳಿದೆ. ನೇನಿ ಸಂತೋಷದಿಂದ ಜಗಲಿಯ ಮೇಲೆ ಪೇಪರ್ ತಟ್ಟೆಯ ಮುಂದೆ ಒಬ್ಬರೇ ಕೂತು ರೊಟ್ಟಿ, ಅವರೆಕಾಳಿನ ಸಾರು ಉಂಡರು. ಒಳಗೆ ನಾವು ಉಂಡೆವು.

ಮರುದಿನ ಬುಕ್ಕಾಂಬುಧಿ ಕೆರೆಗೆ ಹೋದೆವು. ಏರಿಯ ಮೇಲೆ ಒಡೆದ ಬಾಟಲಿ, ಗುಟ್ಕಾ ಚೀಟಿ, ಎಂಜಲು ತಟ್ಟೆ. "ಫೂಯ್!" ಎಂದವರೇ ನೇನಿ ಚೀಲ ಹಿಡಿದು ಆರಿಸತೊಡಗಿದರು. ದೊಡ್ಡಮ್ಮನ ಮಗ, ನಮ್ಮಣ್ಣ, ದೂರ ಸರಿದು ನಿಂತ. "ಬಿಡಕ್ಕೇಳು ಅವ್ರಿಗೆ. ಅದನ್ನೆತ್ತೋ ಜನ ಬೇರೆ ಇದಾರೆ."

ಏನಂದರು ಎಂದು ನೇನಿ ಕೇಳಿದರು. "ನಾಳೆ ಬಂದು ಎತ್ತುತ್ತಾರಂತೆ" ಎಂದೆ.

"ನಾಳೆಗಂಟ ಕೆರೆ ಇದನ್ನ ನೋಡ್ಕಂಡ್ ಇರ್ಬೇಕಾ?" ಎಂದು ಅವರು ಮತ್ತೆ ಬಗ್ಗಿದರು. ಅಣ್ಣನ ಮುಖ ನೋಡಿ ನನಗೆ ಅಸಹ್ಯವಾಯಿತು. ಆದರೂ ಅವನ ಪಕ್ಕದಲ್ಲೇ ನಿಂತಿದ್ದೆ.

ಮೂರನೆಯ ದಿನ ಊಟ ಮುಗಿಸಿದ ನೇನಿ ಕನ್ನಡಕ ಮರೆತು ಜಗಲಿಗೆ ವಾಪಸು ಬಂದರು. ದೊಡ್ಡಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ನೇನಿ ಕುಡಿದ ಲೋಟವನ್ನು ಕಾಗದದ ಚೂರಿನಲ್ಲಿ ಹಿಡಿದು ತಿಪ್ಪೆಯ ಬುಟ್ಟಿಗೆ ಎಸೆಯುತ್ತಿದ್ದರು. ಕೂತಿದ್ದ ಜಾಗಕ್ಕೆ ಆಗಲೇ ಸಗಣಿ ನೀರು ಬಿದ್ದಿತ್ತು. ನಾನು ಬಾಗಿಲಲ್ಲಿದ್ದೆ. ನೇನಿ ದೊಡ್ಡಮ್ಮನ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದರು. ಕನ್ನಡಕ ಎತ್ತಿಕೊಂಡು ಹೋದರು. ಫೂಯ್ ಅನ್ನಲಿಲ್ಲ.

ಇನ್ನೂ ವಾರ ಇರಬೇಕಿದ್ದವರು ಮರುದಿನವೇ ಹೊರಟರು. ಕಡೂರು ಸ್ಟೇಷನ್ನಿನಲ್ಲಿ ನಾನು ತಲೆ ತಗ್ಗಿಸಿ, ದೊಡ್ಡಮ್ಮ ಹಳೇ ಕಾಲದವರು, ತಿಳಿಯುವುದಿಲ್ಲ ಎಂದು ಶುರು ಮಾಡಿದೆ. ಅವರು ಕೈಯೆತ್ತಿ ತಡೆದರು.

"ನಿಮ್ಮ ದೊಡ್ಡಮ್ಮ ನಂಗೇನೂ ಸುಳ್ಳು ಹೇಳ್ಲಿಲ್ಲ ಬಿಡು. ಆಯಮ್ಮಂಗೆ ನಾನು ಅಸಹ್ಯ, ಅಷ್ಟೇ. ಆದ್ರೆ ನಿಂಗೆ ಮಾತು ಕಲಿಸ್ದೋಳು ನಾನು. ಅದೇ ಮಾತಲ್ಲಿ ನಂಗೆ ಸುಳ್ಳು ಹೇಳಿದ್ಯಲ್ಲೇ."

ರೈಲು ಬಂತು. ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡರು.

ಮೂರು ಕಾಗದ ಬರೆದೆ. ಉತ್ತರ ಬರಲಿಲ್ಲ. ಹೋದ ತಿಂಗಳು ಅವರ ಮಗಳಿಂದ ಮೆಸೇಜು ಬಂತು: ಅಮ್ಮ ತೀರಿಕೊಂಡರು, ತಿಸಾ ದಡದ ಮನೆ ಖಾಲಿ ಮಾಡುತ್ತಿದ್ದೇವೆ.

ದೊಡ್ಡಮ್ಮ ಹುಣಸೆಹಣ್ಣು ಬಿಡಿಸುತ್ತಿದ್ದರು. ಸುದ್ದಿಯನ್ನೂ, ಸ್ಟೇಷನ್ನಿನಲ್ಲಿ ನೇನಿ ಆಡಿದ್ದನ್ನೂ ಒಂದು ಪದ ಮೆತ್ತಗೆ ಮಾಡದೆ ಹೇಳಿದೆ. ಅವರ ಕೈ ನಿಂತಿತು.

"ಗೊತ್ತಾಗಿತ್ತೇನೇ ಅವ್ಳಿಗೆ?"

"ಎಲ್ಲಾ ಗೊತ್ತಾಗಿತ್ತು."

"ನೀನು ಕಾರ್ ತರ್ಸಕ್ಕೆ ಹೋಗಿದ್ದೆ. ಹೊರಡೋವಾಗ ನನ್ನ ತಬ್ಕಂಡು ಎರ್ಡೂ ಕೆನ್ನೆಗೂ ಮುತ್ತು ಕೊಟ್ಲಲ್ಲೇ. ಗೊತ್ತಿದ್ದೂ ಕೊಟ್ಲಾ?"

ಅಂದು ಕಡೂರಿನಿಂದ ನಾನು ಮನೆಗೆ ಬಂದಾಗ ದೊಡ್ಡಮ್ಮ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲಿ ಕೂತಿದ್ದರು. ಯಾಕೆಂದು ನಾನು ಕೇಳಿರಲಿಲ್ಲ. ಈಗ ಅವರು ಹುಣಸೆಹಣ್ಣಿನ ಮೇಲಿಂದ ಮುಖ ಎತ್ತಲಿಲ್ಲ.