ಅತ್ತಿಗೆಯವರು ಹಾಡಿದ ದೀಪದ ಹಾಡು

ಮಾನ್ಯ ಓದುಗರಲ್ಲಿ ವಿನಂತಿ,

ನನ್ನ ಕೈಬರಹ ಚೆನ್ನಾಗಿಲ್ಲ. ಕಾಗುಣಿತದ ಮೇಲೂ ಭರವಸೆಯಿಲ್ಲ. ಈವರೆಗೆ ಅರ್ಜಿಗಳನ್ನಲ್ಲದೆ ಬೇರೇನನ್ನೂ ಬರೆದವಳಲ್ಲವಾದ್ದರಿಂದ, ಬರಹವು ಅದೇ ಧಾಟಿಗೆ ಜಾರಿದಲ್ಲಿ ಕ್ಷಮಿಸಬೇಕಾಗಿ ಪ್ರಾರ್ಥಿಸುತ್ತೇನೆ.

ಹಾಡಿನ ಉಪಮೆಗೆ ಮನಸ್ಸನ್ನು ಕರಗಿಸುವ ಶಕ್ತಿ ಎಷ್ಟಿದೆ ಎಂಬುದನ್ನು ನನ್ನ ತಾಯಿಯವರ ಸಾವಿನ ದಿನ ಕಂಡೆನು. ಆ ಸಂಗತಿಯನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ತಾಯಿಯವರು ದೊಡ್ಡಬಳ್ಳಾಪುರದಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದರು. ಪವರ್‌ಲೂಮುಗಳ ಹಿಂದೆ, ನೂಲಿನ ಚೀಲಗಳನ್ನು ಒಟ್ಟುವ ಕಿಟಕಿಯಿಲ್ಲದ ಮೂಲೆಯಲ್ಲಿ ಅವರ ಮಂಚವಿತ್ತು. ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಕತ್ತಲೆಗಳ ವ್ಯತ್ಯಾಸವಷ್ಟೇ ತಿಳಿಯುತ್ತಿತ್ತು. ಅಲ್ಲಿದ್ದ ಒಂದೇ ಬಲ್ಬನ್ನು ಅತ್ತಿಗೆಯವರು ಬಿಚ್ಚಿಕೊಂಡಿದ್ದರು. ನಾನು ಹೊಸಕೋಟೆಯಿಂದ ಬಂದಾಗ ಹೊಸದೊಂದನ್ನು ತಂದು ಹಾಕಿದೆ. ಮುಂದಿನ ಸಲ ಬಂದಾಗ ಹೋಲ್ಡರು ಮತ್ತೆ ಬರಿದಾಗಿತ್ತು.

“ಕಣ್ಣೇ ಕಾಣ್ದೋರ್ಗೆ ಬಲ್ಬ್ ಯಾಕವ್ವ? ಅಲಂಕಾರಕ್ಕಾ?” ಎಂದು ಅತ್ತಿಗೆ ನಕ್ಕರು. ಅಣ್ಣ ಮಗ್ಗದಿಂದ ತಲೆ ಎತ್ತಲಿಲ್ಲ.

ತಾಯಿ ನನ್ನ ಕೈ ಹಿಡಿದು, “ಹೋಗ್ಲಿ ಬಿಡೇ. ಬೆಳಕಿದ್ರೆ ಪಕ್ಕದಾಗೆ ಯಾರೋ ಇದ್ದಂಗಿರ್ತಿತ್ತು, ಅಷ್ಟೇಯ” ಎಂದರು.

ನಮ್ಮ ಬಂಧುಗಳಲ್ಲಿ ಹೆಣದ ಮುಂದೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಸತ್ತವರನ್ನು ಒಂದೊಂದಕ್ಕೆ ಹೋಲಿಸಿ, ರಾಗ ಎಳೆದು, ಹಾಡಿಕೊಂಡು ಅಳುತ್ತಾರೆ. ಹೆತ್ತ ಮಗಳು ಹಾಡದೆ ತಾಯಿಯ ಚಟ್ಟ ಎತ್ತಬಾರದೆಂಬುದು ರೂಢಿ. ತಾಯಿಯವರು ತೀರಿಕೊಂಡ ಬೆಳಿಗ್ಗೆ ನಾನು ಬಂದು ತಲುಪುವಷ್ಟರಲ್ಲಿ ಮಗ್ಗಗಳು ನಿಂತಿದ್ದವು. ಅತ್ತಿಗೆಯವರ ದನಿ ಬೀದಿಯವರೆಗೂ ಕೇಳುತ್ತಿತ್ತು.

“ನನ್ ಮನೆ ನಂದಾದೀಪವೇ ಅತ್ತೆಮ್ಮಾ, ಯಾವ ಗಾಳಿ ಬಂದು ನಿನ್ನ ಆರಿಸ್ತೇ…”

ಅಂಗಳವೇ ಬಿಕ್ಕಿತು. ಮೂವರು ಮೊಬೈಲು ಹಿಡಿದು ಚಿತ್ರೀಕರಿಸುತ್ತಿದ್ದರು. ಆ ಮೂಲೆಯನ್ನು ಕಣ್ಣಾರೆ ಕಂಡಿದ್ದ ಪಕ್ಕದ ಮನೆಯವರೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಹೋಗಿ ತಾಯಿಯ ತಲೆಯ ಬಳಿ ಕೂತೆ.

“ನೋಡ್ರೇ, ಸೊಸೆ ಎದೆ ಬಡ್ಕೊಂತಾವ್ಳೆ, ಹೆತ್ತ ಮಗ್ಳು ಬಸ್ಸಿಗೆ ಕಾಯೋಳಂಗೆ ಕೂತವ್ಳೆ” ಎಂದರು ಯಾರೋ.

ತಾಯಿಯ ಅಕ್ಕನಾದ ದೊಡ್ಡಮ್ಮ ನನ್ನ ಭುಜ ತಿವಿದು, “ಬಾಯ್ ಬಿಡೇ ತಾಯಿ, ಚಟ್ಟ ಕಾಯ್ತಾ ಐತೆ. ನಿಮ್ಮವ್ವ ಹಾಡಿಲ್ದೆ ಹೋಗ್ಬೇಕಾ?” ಎಂದರು.

ತಾಯಿಯನ್ನು ಯಾವುದಕ್ಕೆ ಹೋಲಿಸುವುದೆಂದು ಬಹಳ ಹುಡುಕಿದೆ. ಆಕೆಯ ಮುಖ ನೋಡಿದರೆ ನೆನಪಿಗೆ ಬಂದದ್ದು ಆ ಬರಿಯ ಹೋಲ್ಡರು ಮಾತ್ರ. ಕಡೆಗೆ ರಾಗ ಎಳೆದು ಅದನ್ನೇ ಹಾಡಿದೆ.

“ಅವ್ವಾ, ನಿನ್ ಬಲ್ಬ್ ಬಿಚ್ಕೊಂಡ್ರಲ್ಲೇ… ಕತ್ಲಲ್ಲೇ ಮಲಗ್ಸಿದ್ರಲ್ಲೇ…”

ಅಳು ಥಟ್ಟನೆ ನಿಂತಿತು. ದೊಡ್ಡಮ್ಮ ನನ್ನ ಬಾಯಿಗೆ ಕೈ ಅಡ್ಡವಿಟ್ಟು, “ಹಾಡು ಅಂದ್ರೆ ಪೊಲೀಸ್ ಕಂಪ್ಲೇಂಟಾ? ಹೆಣದ ಮುಂದೆ ಜಗಳ ತೆಗಿಬ್ಯಾಡ” ಎಂದು ಗದರಿದರು.

ಆಗ ಅತ್ತಿಗೆಯವರು ಎದ್ದು ಬಂದು ನನ್ನ ಕೊರಳಿಗೆ ಬಿದ್ದರು. ನನ್ನ ರಾಗವನ್ನೇ ಎತ್ತಿಕೊಂಡರು.

“ದೀಪ ಯಾಕೆ ಬೇಕಿತ್ತು ಅತ್ತೆಮ್ಮಾ, ನೀನೇ ಬೆಳದಿಂಗಳಾಗಿದ್ದೆ… ಕತ್ಲು ಕೋಣೆಗೆ ನೀನೇ ಚಂದ್ರಾಮನಾಗಿದ್ದೆ…”

ಮೊದಲಿಗಿಂತ ಹೆಚ್ಚು ಜನ ಅತ್ತರು. ಅಣ್ಣನೂ ಅತ್ತ. ಆ ಅಳುವಿನ ನಡುವೆಯೇ ಚಟ್ಟ ಎತ್ತಿದರು. ನನ್ನ ಹಾಡು ಎರಡು ಸಾಲಿಗೇ ನಿಂತಿತು.

ಮೂರನೆಯ ದಿನ ಹಾಲು-ತುಪ್ಪ ಬಿಟ್ಟು ಬಂದ ಮೇಲೆ ಮಗ್ಗದ ಹಿಂದಿನ ಆ ಮೂಲೆಗೆ ಹೋದೆ. ಮಂಚ ತೆಗೆದಿದ್ದರು. ಜೀವ ಹೋದ ಜಾಗವಾದ್ದರಿಂದ, ಪದ್ಧತಿಯಂತೆ ಅಲ್ಲಿ ಎಣ್ಣೆಯ ದೀಪ ಉರಿಯುತ್ತಿತ್ತು. ಹನ್ನೊಂದನೆಯ ದಿನದವರೆಗೆ ಆರಬಾರದೆಂದು ಅತ್ತಿಗೆಯವರೇ ಬತ್ತಿ ಚಾಚುತ್ತಿದ್ದರು.

“ತಿಥಿಗೆ ಬಂದ್ರೆ ಸುಮ್ನೆ ಕೂತು ಊಟ ಮಾಡ್ಕೊಂಡು ಹೋಗವ್ವ. ಹಾಡ್ಬ್ಯಾಡ” ಎಂದರು.

ಈಗ ಬಂಧುಗಳ ಪೈಕಿ ಯಾರು ಸತ್ತರೂ ಅತ್ತಿಗೆಯವರಿಗೆ ಮೊದಲು ಫೋನು ಹೋಗುತ್ತದೆ. ನನ್ನನ್ನು ಕಂಡರೆ, “ಬಲ್ಬ್ ಬಂದ್ಲು ಕಣ್ರೇ” ಎಂದು ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಾರೆ.

ಆದಕಾರಣ, ಮೇಲಿನ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಿಕೊಳ್ಳಬೇಕು. ನಾನು ಹಾಡಿದ ಆ ಎರಡು ಸಾಲನ್ನು ಮಾತ್ರ, ಚೆನ್ನಾಗಿಲ್ಲವೆಂದು ತೋರಿದರೂ, ಇದ್ದ ಹಾಗೆಯೇ ಬಿಡಬೇಕಾಗಿ ಕೋರುತ್ತೇನೆ.